ಊರು ಬಿಟ್ಟ ಮಂಗಳವಾರ

ನಾನು ಹುಟ್ಟಿನಿಂದಲೇ ಆತಂಕದವಳು. ಗೌರಿಬಿದನೂರಿನ ಮನೆಯಿಂದ ಬಸ್ ನಿಲ್ದಾಣಕ್ಕೆ ಹೊರಟು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಓಡಿದ ದಿನಗಳಿಗೆ ಲೆಕ್ಕವಿಲ್ಲ. ಬಸ್ಸು ಹತ್ತಿದ ಮೇಲೆ ಟೈರಿನ ಚಿಂತೆ. ಟೈರು ಸರಿಯಿದ್ದರೆ ಡ್ರೈವರನ ಆಕಳಿಕೆ. ಅವನು ಆಕಳಿಸದಿದ್ದರೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನನಗಾಗಿ ಕಾದಿರಬಹುದಾದ ಯಾವುದೋ ಸುತ್ತೋಲೆ. ಇಂಥವಳು ಹೋಗಿ ಹೋಗಿ ಭೂಗೋಳದ ಮೇಷ್ಟ್ರಾದೆ. ಭೂಕಂಪ, ನೆರೆ, ಜ್ವಾಲಾಮುಖಿಗಳ ಬಗ್ಗೆ ತರಗತಿಯಲ್ಲಿ ಆರಾಮಾಗಿ ಮಾತಾಡುತ್ತೇನೆ. ಮಗಳು ಟ್ಯೂಷನ್ನಿನಿಂದ ಸ್ವಲ್ಪ ತಡವಾಗಿ ಬಂದರೆ ಮಾತ್ರ ಬೀದಿಗೆ ಬಂದು ನಿಂತಿರುತ್ತೇನೆ.

ಕೆಲವು ವರ್ಷಗಳ ಹಿಂದೆ ಪ್ರವಾಸೋದ್ಯಮದ ಪಾಠ ಮಾಡುವುದು ನನ್ನ ಪಾಲಿಗೆ ಬಂತು. ಅದರಲ್ಲಿ ಸಮುದಾಯವೇ ನಡೆಸುವ ಪರಿಸರ ಪ್ರವಾಸೋದ್ಯಮ ಅಂತ ಒಂದು ಅಧ್ಯಾಯ. ಬೆಟ್ಟ, ಕಾಡು, ಕೆರೆ ನೋಡಲು ಹೊರಗಿನವರು ಬರುತ್ತಾರಲ್ಲ, ಅದರ ಉಸ್ತುವಾರಿಯೂ ಲಾಭವೂ ಆ ಜಾಗದ ಜನರದ್ದೇ ಆಗಿರಬೇಕು ಎಂಬುದು ಅದರ ಸಾರ. ನಾನು ಬೋರ್ಡಿನ ಮೇಲೆ ಮೂರು ವೃತ್ತ ಬರೆಯುತ್ತಿದ್ದೆ. ಒಂದು ಸರ್ಕಾರ, ಒಂದು ಪ್ರವಾಸಿ, ಒಂದು ಸಮುದಾಯ. ಮೂರೂ ಸೇರುವ ನಡುವಿನ ಜಾಗಕ್ಕೆ ಬಣ್ಣದ ಸೀಮೆಸುಣ್ಣ ತುಂಬುತ್ತಿದ್ದೆ. ‘ತೀರ್ಮಾನ ಸಮುದಾಯದ್ದು’ ಎಂದು ಕೆಳಗೆ ಬರೆದು ಎರಡು ಗೆರೆ ಎಳೆಯುತ್ತಿದ್ದೆ. ಹುಡುಗರು ಅದನ್ನು ಚಾಚೂ ತಪ್ಪದೆ ಬರೆದುಕೊಂಡು ಪರೀಕ್ಷೆಯಲ್ಲಿ ವಾಪಸ್ಸು ಕೊಡುತ್ತಿದ್ದರು. ಎಲ್ಲರಿಗೂ ಖುಷಿ.

ಒಂದು ದಿನ ಕೊನೆಯ ಬೆಂಚಿನ ಹುಡುಗಿಯೊಬ್ಬಳು, ಇದೆಲ್ಲ ನಮ್ಮ ಕಡೆ ಎಲ್ಲಾದರೂ ಇದೆಯಾ ಎಂದು ಕೇಳಿದಳು. ಹುಡುಕಿಕೊಂಡು ಹೋದಾಗ ಸಿಕ್ಕಿದ್ದೇ ಆ ಊರು. ಗೌರಿಬಿದನೂರಿನ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುತ್ತದೆ. ಬೆನ್ನಿಗೆ ಬಂಡೆಯ ಗುಡ್ಡ, ಗುಡ್ಡದ ಮೇಲೆ ಬೇಸಿಗೆಯಲ್ಲೂ ನೀರು ನಿಲ್ಲುವ ದೊಣೆ, ಸುತ್ತ ಕುರುಚಲು ಕಾಡು, ನವಿಲು. ಶನಿವಾರ ಬಂತೆಂದರೆ ಬೆಂಗಳೂರಿನ ಹುಡುಗರು ಬೈಕು ಹತ್ತಿ ಬಂದು, ಗುಡ್ಡ ಹತ್ತಿ, ದೊಣೆಯಲ್ಲಿ ಬಾಟಲಿ ಬಿಸಾಡಿ ಹೋಗುತ್ತಿದ್ದರು. ಅದನ್ನು ಸಹಿಸಲಾರದೆ ಊರಿನ ಕೆಲವು ಹೆಂಗಸರು, ಒಂದಿಷ್ಟು ಯುವಕರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಗುಡ್ಡಕ್ಕೆ ಹೋಗುವವರ ಜೊತೆ ಊರಿನವರೊಬ್ಬರು ಹೋಗಬೇಕು, ಪ್ಲಾಸ್ಟಿಕ್ ಕೆಳಗೇ ಬಿಡಬೇಕು, ಊಟ ಊರಿನ ಮನೆಯಲ್ಲಿ. ಉಳಿಯುವವರಿಗೆ ನಾಲ್ಕಾರು ಮನೆಗಳಲ್ಲಿ ಒಂದೊಂದು ಕೋಣೆ. ನನ್ನ ವಿದ್ಯಾರ್ಥಿಗಳು ದಾರಿಯ ನಕ್ಷೆ ಮಾಡಿಕೊಟ್ಟರು. ಅದರ ಋಣಕ್ಕೆಂಬಂತೆ ಸಂಘದವರು ನನ್ನನ್ನು ಸಲಹೆಗಾರಳನ್ನಾಗಿ ಮಾಡಿದರು. ನನ್ನ ಚಿಂತೆಗಳಿಗೆ ಒಂದು ಗುಡ್ಡವೂ ಸೇರಿಕೊಂಡಿತು.

ಸಂಘದ ಅಧ್ಯಕ್ಷೆ ಚಿಂತಾಮಣಿ ಕಡೆಯಿಂದ ಮದುವೆಯಾಗಿ ಬಂದವಳು, ತೆಲುಗು ಮನೆಮಾತಿನವಳು. ಗಾಬರಿಯಾದರೆ ಕನ್ನಡ ಬಿಟ್ಟು ತೆಲುಗಿಗೆ ಜಾರುತ್ತಾಳೆ. ಗಂಡ ರೇಷ್ಮೆ ಹುಳ ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾನೆ. ಅವರ ಮನೆ ಇರುವುದು ಕೇರಿಯಲ್ಲಿ. ಬೆಂಗಳೂರಿನಿಂದ ಬಂದವರು ಆಕೆಯ ಮನೆಯಲ್ಲಿ ಮುದ್ದೆ ಬಸ್ಸಾರು ಉಂಡು, ಇನ್ನೊಂದು ಸೌಟು ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಊರಿನ ದೊಡ್ಡ ಬೀದಿಯ ಹಿರಿಯರು ಮಾತ್ರ ಆ ಮನೆಯ ಹೊಸ್ತಿಲು ತುಳಿದವರಲ್ಲ. ಸಂಘದ ಮಾತು ಬಂದರೆ ಅಂಗಳದ ಆಚೆಯೇ ನಿಂತು ಮಾತಾಡಿ ಹೋಗುತ್ತಿದ್ದರು. ಅವರಲ್ಲಿ ಮುಖ್ಯರಾದವರು, ಎಲ್ಲರೂ ‘ಯಜಮಾನರು’ ಎಂದು ಕರೆಯುವ ಒಬ್ಬ ಮುದುಕರು. ಸಂಘ ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಏನಾದರೂ ಎಡವಟ್ಟಾದರೆ ‘ನಾನು ಅವತ್ತೇ ಹೇಳಿರಲಿಲ್ಲವಾ’ ಎನ್ನುವುದಕ್ಕೆ ಜಾಗ ಇಟ್ಟುಕೊಂಡಿದ್ದರು ಎಂದು ನನಗೆ ಅನುಮಾನವಿತ್ತು.

ಹೋದ ವರ್ಷ ಆ ಎಡವಟ್ಟು ಎರಡು ಕಡೆಯಿಂದ ಬಂತು.

ಒಂದು, ಗುಡ್ಡದ ದಾರಿ ನಡೆಸಲು ಸಂಘಕ್ಕಿದ್ದ ಅನುಮತಿ ಮುಗಿಯುತ್ತಾ ಬಂದಿತ್ತು. ಅದೇ ಗುಡ್ಡಕ್ಕೆ ಬೆಂಗಳೂರಿನ ಒಂದು ಕಂಪನಿಯೂ ಅರ್ಜಿ ಹಾಕಿತ್ತು. ಹಗ್ಗದ ಮೇಲೆ ಜಾರುವ ಆಟ, ಸಾಲು ಡೇರೆ, ಸಂಗೀತ ಅಂತೆಲ್ಲ ಅವರ ಯೋಜನೆ. ಇಲಾಖೆಯ ಅಧಿಕಾರಿಯೊಬ್ಬರು ಬಂದು ಸಂಘದ ಕೋಣೆ, ಶೌಚಾಲಯ, ಅಡುಗೆಮನೆ ನೋಡಿ ಸರಿಯಿದೆ ಎಂದರೆ ಗುಡ್ಡ ಊರಿಗೆ. ಇಲ್ಲವಾದರೆ ಕಂಪನಿಗೆ. ಇನ್ನೊಂದು, ಊರಿನಲ್ಲಿ ಗಂಟುರೋಗ ಬಂದು ದೊಡ್ಡ ಬೀದಿಯವರ ಎರಡು ಹಸು ಸತ್ತವು. ಪಶುವೈದ್ಯರು ಬಂದು ಲಸಿಕೆ ಹಾಕಿದರು. ಆದರೂ ಜನರ ಬಾಯಿ ಮುಚ್ಚುವ ಲಸಿಕೆ ಇಲ್ಲವಲ್ಲ. ಪೇಟೆಯವರ ಬೂಟುಗಳಲ್ಲೇ ರೋಗ ಬಂತು ಎಂದು ಮಾತು ಹುಟ್ಟಿತು. ಪೇಟೆಯವರನ್ನು ಕರೆತಂದವರು ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿರಿಯರು ಕೂತು ಊರು ಬಿಡುವುದೆಂದು ತೀರ್ಮಾನಿಸಿದರು. ಪುಸ್ತಕದಲ್ಲಿ ಇದನ್ನು ಹೊರಬೀಡು ಎನ್ನುತ್ತಾರೆ. ಊರಿಗೆ ರೋಗ ರುಜಿನ ಬಂದರೆ ಒಂದು ಮಂಗಳವಾರ ಸೂರ್ಯ ಹುಟ್ಟುವ ಮೊದಲೇ ಒಲೆ ಆರಿಸಿ, ದನ ಕರು ಕೋಳಿ ನಾಯಿ ಸಮೇತ ಇಡೀ ಊರು ಹೊರಗಿನ ತೋಪಿಗೆ ಹೋಗಿಬಿಡುತ್ತದೆ. ಊರಿನ ಬಾಯಿಗೆ ಜಾಲಿ ಮುಳ್ಳು ಹಾಕುತ್ತಾರೆ. ಅಡುಗೆ, ಊಟ, ನಿದ್ದೆ ಎಲ್ಲ ತೋಪಿನಲ್ಲೇ. ಆ ದಿನ ಖಾಲಿ ಬೀದಿಗಳಲ್ಲಿ ಊರಿನ ಅಮ್ಮ ಒಬ್ಬಳೇ ಓಡಾಡಿ ರೋಗ ಗುಡಿಸುತ್ತಾಳಂತೆ. ಸಂಜೆ ದೀಪದ ಹೊತ್ತಿಗೆ ಮುಳ್ಳು ಸರಿಸಿ, ಅರಿಸಿನದ ನೀರು ಚಿಮುಕಿಸಿ ಒಳಗೆ ಬರುತ್ತಾರೆ. ಅದಕ್ಕಿಂತ ಮೊದಲು ಯಾರ ಹೆಜ್ಜೆಯೂ ಬೀದಿಯ ಮೇಲೆ ಬೀಳಕೂಡದು.

ಅಧಿಕಾರಿ ಬರುವುದು ಗುರುವಾರ ಎಂದಿತ್ತು. ಹಾಗಾಗಿ ಮಂಗಳವಾರ ಊರು ಬಿಟ್ಟರೆ ನಮಗೇನೂ ತೊಂದರೆಯಿಲ್ಲ ಎಂದುಕೊಂಡೆವು. ಸೋಮವಾರ ಸಂಜೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಕೊಳ್ಳುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಗುರುವಾರ ಸಾಹೇಬರಿಗೆ ಬೇರೆ ಕೆಲಸ ಬಿದ್ದಿದೆ, ತಪಾಸಣೆ ನಾಳೆ ಬೆಳಿಗ್ಗೆ. ಕಡಲೆಕಾಯಿಯ ಪೊಟ್ಟಣವನ್ನು ಅಂಗಡಿಯವಳ ಕೈಯಲ್ಲೇ ಬಿಟ್ಟು ನಾನು ಬಸ್ಸಿನ ಕಡೆ ನಡೆದುಬಿಟ್ಟೆ. ಆಕೆ ಕೂಗಿ ಕರೆದು ಕೊಟ್ಟಳು. ಆಫೀಸಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಅಧ್ಯಕ್ಷೆಗೆ ಮಾಡಿದೆ. ಆಕೆ ಎತ್ತಿದವಳು ಸುದ್ದಿ ಕೇಳಿ, ‘ಏಂ ಚೇಯಾಲಿ ಮೇಡಂ, ಏಂ ಚೇಯಾಲಿ’ ಎಂದು ಅದನ್ನೇ ಹೇಳತೊಡಗಿದಳು. ಏನು ಮಾಡುವುದೆಂದು ನನಗೂ ತೋಚಲಿಲ್ಲ. ಸಲಹೆಗಾರಳು ಎಂಬ ಪದ ಆವತ್ತಿನಷ್ಟು ಹಾಸ್ಯಾಸ್ಪದವಾಗಿ ಎಂದೂ ಕೇಳಿಸಿರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ರಾತ್ರಿಯಿಡೀ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಒಳರಸ್ತೆಯಲ್ಲಿ ಆಟೋ ಇಳಿದು ನೋಡಿದರೆ ಊರಿನ ಬಾಯಿಗೆ ಎದೆಮಟ್ಟ ಜಾಲಿ ಮುಳ್ಳು. ಆಚೆ ಗುಡಿಸಿ ಖಾಲಿ ಬಿಟ್ಟ ಬೀದಿ, ಎಳೆದು ಮುಚ್ಚಿದ ಬಾಗಿಲುಗಳು. ಒಂದು ಕಾಗೆಯ ಸದ್ದೂ ಇಲ್ಲ. ಮುಳ್ಳಿನ ಈಚೆ ಬೇವಿನ ಮರದ ಕೆಳಗೆ ಅಧ್ಯಕ್ಷೆ ಒಬ್ಬಳೇ ಕೂತಿದ್ದಳು. ಎಲ್ಲರೂ ಕೆರೆಯ ಆಚೆಯ ತೋಪಿನಲ್ಲಿದ್ದಾರೆ, ಅವಳೇಕೆ ಇಲ್ಲಿ ಎಂದು ಕೇಳಿದೆ. ಖಾಲಿ ಊರಿನ ಬಾಯಿ ಕಾಯುವುದು ಕೇರಿಯವರ ಕೆಲಸವಂತೆ. ಈ ಸಲ ಇವರ ಮನೆಯ ಸರದಿ. ರೇಷ್ಮೆಗೂಡು ಬಿಡಿಸಿದ ಮೇಲೆ ಮಾರದೆ ಇಟ್ಟುಕೊಳ್ಳುವಂತಿಲ್ಲ, ಒಳಗಿನ ಚಿಟ್ಟೆ ತೂತು ಮಾಡಿಬಿಡುತ್ತದೆ. ಅದಕ್ಕೆ ಗಂಡ ನಸುಕಿಗೇ ಶಿಡ್ಲಘಟ್ಟಕ್ಕೆ ಹೋಗಿದ್ದ.

ಅದನ್ನು ಕೇಳಿ ನನಗೆ ಮೈ ಉರಿಯಿತು. ನಮ್ಮದು ಅಪ್ಪನ ಕಾಲದಲ್ಲೇ ಬೌದ್ಧರಾದ ಮನೆ. ಅಜ್ಜಿ ತನ್ನ ಊರಿನ ಕಥೆ ಹೇಳುತ್ತಿದ್ದಳು. ಊರು ಬಿಡುವ ದಿನ ಯಾರೂ ಒಳಗಿರಬಾರದು ಎಂದು ಡಂಗುರ ಹೊಡೆಸಿ, ಕಾಯುವುದಕ್ಕೆ ನಮ್ಮವರನ್ನು ಬಿಟ್ಟು ಹೋಗುತ್ತಿದ್ದರಂತೆ. ‘ಯಾರೂ’ ಎಂಬುದರಲ್ಲಿ ನಾವು ಸೇರಿರಲಿಲ್ಲ. ಅಜ್ಜಿ ಇದನ್ನು ನಗುತ್ತಲೇ ಹೇಳುತ್ತಿದ್ದಳು. ನನಗೆ ಆ ನಗು ಯಾವತ್ತೂ ಬರಲಿಲ್ಲ.

ಆ ಸಿಟ್ಟೂ ಆತಂಕವೂ ಸೇರಿ ನಾನು ಒಂದೇ ಉಸಿರಿಗೆ ಹೇಳಿದೆ: ಮುಳ್ಳು ಸರಿಸೋಣ, ಅಧಿಕಾರಿಗೆ ನಾಲ್ಕು ಕೋಣೆ ತೋರಿಸಿ ಕಳಿಸೋಣ, ಮತ್ತೆ ಮುಳ್ಳು ಇಡೋಣ. ತೋಪು ಕೆರೆಯ ಏರಿಯ ಆಚೆ ಇದೆ, ಯಾರಿಗೆ ಕಾಣುತ್ತದೆ? ಇದನ್ನು ನಂಬಿ ಗುಡ್ಡ ಕಳೆದುಕೊಳ್ಳುತ್ತಾರಾ ಯಾರಾದರೂ? ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು:

“ನಂಗೂ ಏನೂ ಅಷ್ಟು ನಂಬ್ಕೆ ಇಲ್ಲ ಮೇಡಂ. ಆದ್ರೆ ಹಸು ಅವ್ರದಲ್ವಾ.”

ಆಕೆಯ ಲೆಕ್ಕ ನನಗೆ ತಡವಾಗಿ ಅರ್ಥವಾಗತೊಡಗಿತು. ಇವತ್ತು ಮುಳ್ಳು ಸರಿಸಿ ನಾಳೆ ಇನ್ನೊಂದು ಹಸು ಸತ್ತರೆ? ಲಸಿಕೆ ತಡವಾಯಿತು ಎಂದು ಯಾರೂ ಅನ್ನುವುದಿಲ್ಲ. ಕೇರಿಯ ಹೆಂಗಸು ಪೇಟೆಯವರಿಗಾಗಿ ಅಮ್ಮನ ಬೀದಿ ತುಳಿಸಿದಳು ಎನ್ನುತ್ತಾರೆ. ಅನುಮತಿ ಕೈಯಲ್ಲಿದ್ದರೂ ಆಮೇಲೆ ಆಕೆಯ ಮಾತಿಗೆ ಯಾವ ಮನೆಯೂ ಕೋಣೆ ಬಿಟ್ಟುಕೊಡುವುದಿಲ್ಲ. ಅನುಮತಿ ಇಲ್ಲದಿದ್ದರೆ ಗುಡ್ಡ ಹೋಗುತ್ತದೆ. ಅನುಮತಿಗಾಗಿ ಮುಳ್ಳು ಸರಿಸಿದರೆ ಊರು ಹೋಗುತ್ತದೆ. ಇದರ ನಡುವೆ ಬೇವಿನ ಮರದ ಕೆಳಗೆ ನಾವಿಬ್ಬರು ಹೆಂಗಸರು, ರಸ್ತೆಯ ತಿರುವಿನ ಕಡೆ ಕಣ್ಣಿಟ್ಟುಕೊಂಡು ಕೂತಿದ್ದೆವು. ಧೂಳೆದ್ದರೆ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಹಾಲಿನ ವ್ಯಾನು ಬಂದು ಹೋಯಿತು. ಒಂದು ಟ್ರಾಕ್ಟರ್ ಬಂದು ಹೋಯಿತು. ಅಧಿಕಾರಿಯ ಗಾಡಿ ದಾರಿಯಲ್ಲೇ ಕೆಡಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಯಾವ ದೇವರನ್ನೂ ನೆನೆಯದ ನನಗೆ ಯಾರನ್ನು ಕೇಳಿಕೊಳ್ಳುತ್ತಿದ್ದೇನೆಂದು ತಿಳಿಯಲಿಲ್ಲ.

ಗಾಡಿ ಕೆಡಲಿಲ್ಲ. ಬಿಸಿಲೇರುವ ಹೊತ್ತಿಗೆ ಜೀಪು ಬಂದು ಮುಳ್ಳಿನ ಎದುರು ನಿಂತಿತು. ಅಧಿಕಾರಿ ಕೆಟ್ಟವರಲ್ಲ, ದಣಿದವರು. ಕೈಯಲ್ಲಿ ನೀರಿನ ಬಾಟಲಿ, ಮುಖದಲ್ಲಿ ಇನ್ನೂ ಮೂರು ಊರು ಸುತ್ತಬೇಕೆಂಬ ಬೇಸರ. ನಾನು ಆದಷ್ಟೂ ಮೆತ್ತಗೆ ವಿಷಯ ಹೇಳಿದೆ. ಗುರುವಾರ ಬಾರದಿದ್ದರೆ ಮುಂದಿನ ವಾರವಾದರೂ ಬನ್ನಿ ಎಂದು ಕೇಳಿಕೊಂಡೆ. ಅವರು ತಲೆಯಲ್ಲಾಡಿಸಿದರು. ವರದಿ ಈ ವಾರವೇ ಮೇಲಕ್ಕೆ ಹೋಗಬೇಕು, ಕಂಪನಿಯವರ ಕಾಗದವೆಲ್ಲ ಆಗಲೇ ಸರಿಯಾಗಿದೆ, ನೋಡಿಲ್ಲದ್ದನ್ನು ನೋಡಿದೆ ಎಂದು ಬರೆಯಲು ತಮ್ಮಿಂದಾಗದು ಎಂದರು. ತೋಪಿಗೆ ಬನ್ನಿ, ಇಡೀ ಊರೇ ಅಲ್ಲಿದೆ, ಜನರನ್ನು ಮಾತಾಡಿಸಿ ಎಂದೆ. ತಾವು ನೋಡಬೇಕಾದ್ದು ಜನರನ್ನಲ್ಲ, ಕೋಣೆಗಳನ್ನು ಎಂದರು. ಅದು ಸುಳ್ಳೂ ಆಗಿರಲಿಲ್ಲ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಜನರಿಗೆ ಜಾಗವಿರಲಿಲ್ಲ.

ಕೊನೆಗೆ ಅವರು ಅಧ್ಯಕ್ಷೆಯ ಕಡೆ ತಿರುಗಿ, ಹತ್ತು ನಿಮಿಷ ಸಾಕಮ್ಮ, ಎರಡು ಫೋಟೋ ತೆಗೆದುಕೊಂಡು ಹೋಗುತ್ತೇವೆ, ಯಾರಿಗೂ ಹೇಳುವುದಿಲ್ಲ ಎಂದರು. ಜೀಪಿನ ಡ್ರೈವರು ಆಗಲೇ ಇಳಿದು, ಮುಳ್ಳನ್ನು ಯಾವ ಕಡೆಯಿಂದ ಎಳೆದರೆ ಸುಲಭ ಎಂದು ನೋಡುತ್ತಿದ್ದ.

ಆಕೆ ನನ್ನನ್ನು ಪಕ್ಕಕ್ಕೆ ಕರೆದಳು. ಮುಖದ ಮೇಲೆ ಬೆವರು ಇಳಿಯುತ್ತಿತ್ತು.

“ನೀವು ಹೇಳಿ ಮೇಡಂ. ನೀವು ತೆಗಿ ಅಂದ್ರೆ ತೆಗ್ದುಬಿಡ್ತೀನಿ.”

ಬೆಳಿಗ್ಗೆಯಿಂದ ನಾನು ಬೇಡುತ್ತಿದ್ದದ್ದು ಇದನ್ನೇ. ಈಗ ಅದು ನನ್ನ ಕೈಗೇ ಬಂದಿತ್ತು. ಬೋರ್ಡಿನ ಮೂರು ವೃತ್ತಗಳಲ್ಲಿ ನಾನು ಯಾವುದರಲ್ಲೂ ಇರಲಿಲ್ಲ. ಸಂಜೆ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗುವವಳು ನಾನು. ಮುಂದಿನ ಹಸು ಸತ್ತರೂ, ಮುಂದಿನ ಬಾಟಲಿ ದೊಣೆಗೆ ಬಿದ್ದರೂ ಇಲ್ಲಿರಬೇಕಾದವಳು ಆಕೆ. ಆಕೆಯ ಮುಖ ನೋಡಿದೆ. ತೆಗೆಯಲು ಆಕೆಗೆ ಮನಸ್ಸಿರಲಿಲ್ಲ. ತೆಗೆಯುವುದಿಲ್ಲ ಎನ್ನುವುದಕ್ಕೆ ಯಾರಾದರೂ ಒಬ್ಬರು ಪಕ್ಕದಲ್ಲಿರಲಿ ಎನ್ನುವ ಆಸೆ ಮಾತ್ರ ಇತ್ತು.

“ತೆಗೀಬೇಡಮ್ಮ,” ಎಂದೆ.

ಆಕೆ ಹೋಗಿ ಮುಳ್ಳಿಗೆ ಬೆನ್ನು ಕೊಟ್ಟು ನಿಂತು, ಕೈಮುಗಿದು, ಆಗಲ್ಲ ಸಾರ್ ಎಂದಳು. ಅಧಿಕಾರಿ ಸಿಟ್ಟು ಮಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. ನಮೂನೆಯ ಮೇಲೆ ಒಂದು ಸಾಲು ಬರೆದು, ಜೀಪು ಹಿಂದಕ್ಕೆ ತಿರುಗಿಸಿಕೊಂಡು ಹೋದರು. ಧೂಳು ಅಡಗುವ ತನಕ ನಾವು ನಿಂತೇ ಇದ್ದೆವು. ನಾಲ್ಕು ವರ್ಷದ ಕಷ್ಟವನ್ನು ನನ್ನ ಬಾಯಿಯಿಂದಲೇ ಕಳೆದೆನಲ್ಲ ಎಂದು ನನಗೆ ಅಳುವೇ ಬಂತು. ಅಳಬೇಕಾದವಳು ನನಗೆ ನೀರು ಕೊಟ್ಟಳು.

ಸಂಜೆ ಯಜಮಾನರು ಮುಂದೆ ನಿಂತು ಮುಳ್ಳು ಸರಿಸಿದರು. ಬೆಳಿಗ್ಗೆ ಅದನ್ನು ಕಟ್ಟಿದ್ದೂ ಅವರೇ. ಜೀಪಿನ ಚಕ್ರದ ಗುರುತು ಮುಳ್ಳಿನ ತನಕ ಬಂದು ಅಲ್ಲೇ ತಿರುಗಿತ್ತು. ಅವರು ಅದನ್ನು ನೋಡಿದರು, ಮುಳ್ಳಿನ ಕಟ್ಟು ನೋಡಿದರು, ಆಕೆಯನ್ನು ನೋಡಿದರು. ಯಾರು ಬಂದಿದ್ದರು ಎಂದು ಕೇಳಿದರು. ತಪಾಸಣೆಯವರು, ಬಂದಿದ್ದರು, ಹೋದರು ಎಂದಷ್ಟೇ ಹೇಳಿದಳು. ಅವರು ಹೂಂ ಎಂದು ಒಳಗೆ ನಡೆದರು. ಆ ಹೂಂ ಕೇಳಿ ನನಗೆ ರೇಗಿಹೋಯಿತು. ಇಷ್ಟೇನಾ ಎಂದು ಕೇಳಬೇಕೆಂದುಕೊಂಡೆ. ಕಡೆಯ ಬಸ್ಸು ತಪ್ಪುತ್ತದೆ ಎಂಬ ಭಯಕ್ಕೆ ಕೇಳದೆ ಹೊರಟೆ.

ಮುಂದಿನ ದಿನಗಳನ್ನು ನಾನು ಫೋನು ನೋಡುವುದರಲ್ಲೇ ಕಳೆದೆ. ತರಗತಿಯಲ್ಲಿ ಅದೇ ಅಧ್ಯಾಯ ಬಂದಾಗ ವೃತ್ತಗಳನ್ನು ಬರೆಯಲು ಹೋಗಿ, ಕೈ ನಿಂತು, ಬದಲಿಗೆ ಆ ಮಂಗಳವಾರದ ಕಥೆ ಹೇಳಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅರ್ಧ ತರಗತಿ ಮುಳ್ಳು ಸರಿಸುತ್ತಿದ್ದೆವು ಎಂದಿತು. ಇನ್ನರ್ಧ ಸರಿಸುತ್ತಿರಲಿಲ್ಲ ಎಂದಿತು. ಈ ವರ್ಷದ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ, ಆಕೆಯನ್ನು ಅಲ್ಲಿ ಒಬ್ಬಳೇ ಯಾಕೆ ಕೂರಿಸಿದರು ಮೇಡಂ, ಉಳಿದ ಸಮುದಾಯ ಎಲ್ಲಿತ್ತು ಎಂದಳು. ತೋಪಿನಲ್ಲಿ ಅಡುಗೆ ಮಾಡುತ್ತಿತ್ತು ಎಂದೆ. ಎಲ್ಲರೂ ನಕ್ಕರು. ನನಗೆ ಆ ಪ್ರಶ್ನೆ ಆ ರಾತ್ರಿಯೂ ಬಿಡಲಿಲ್ಲ.

ಅಷ್ಟರಲ್ಲಿ ಗುಡ್ಡ ಕಂಪನಿಗೇ ಹೋಗುತ್ತದೆ ಎಂದು ಪಂಚಾಯಿತಿ ಕಡೆಯಿಂದ ಸುದ್ದಿ ಬಂತು. ಅಧ್ಯಕ್ಷೆ ಫೋನು ಮಾಡುವುದನ್ನೇ ನಿಲ್ಲಿಸಿದಳು. ನಾನಾಗಿ ಮಾಡಿದರೆ, ಹುಳಕ್ಕೆ ಸೊಪ್ಪು ಹಾಕುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ ಎನ್ನುತ್ತಿದ್ದಳು. ಹುಳಕ್ಕೆ ದಿನವಿಡೀ ಸೊಪ್ಪು ಹಾಕುವುದಿಲ್ಲ ಎಂದು ನನಗೂ ಗೊತ್ತು.

ಓದುವವರನ್ನು ನನ್ನ ಹಾಗೆ ಒದ್ದಾಡಿಸುವುದು ನನಗೆ ಇಷ್ಟವಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಗುಡ್ಡ ಊರಿನಲ್ಲೇ ಉಳಿಯಿತು. ಅಧಿಕಾರಿ ಇನ್ನೊಮ್ಮೆ ಬಂದರು, ಕೋಣೆಗಳನ್ನು ನೋಡಿದರು, ಅನುಮತಿ ಒಂದು ವರ್ಷ ಮುಂದುವರಿಯಿತು. ಮುಂದಿನ ವರ್ಷದ ಚಿಂತೆಯನ್ನು ನಾನು ಆಗಲೇ ಶುರು ಮಾಡಿದ್ದೇನೆ. ಅವರು ಇನ್ನೊಮ್ಮೆ ಬಂದದ್ದು ನನ್ನ ಮನವಿಗಳಿಂದಲ್ಲ. ಊರಿನ ದೊಡ್ಡ ಬೀದಿಯವರು ಹತ್ತಾರು ಜನ ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಿ, ಊರು ಮುಚ್ಚಿದವರು ನಾವು, ಆಯಮ್ಮ ನಮ್ಮ ಮಾತು ಉಳಿಸಿದಳು, ನೀವು ಬಂದು ನಮ್ಮ ಮನೆಗಳನ್ನೂ ನೋಡಿ ಎಂದು ಸಾಹೇಬರ ಬಾಗಿಲಲ್ಲಿ ಕೂತದ್ದರಿಂದ.

ಅವರು ಹಾಗೆ ಹೊರಟ ದಿನ ಬೆಳಿಗ್ಗೆ ನಾನು ಸ್ಟಾಫ್ ರೂಮಿನಲ್ಲಿ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಫೋನು ಬಂತು, ಅಧ್ಯಕ್ಷೆಯದು. ದನಿ ಎಷ್ಟು ಕೆಳಗಿತ್ತೆಂದರೆ ಇನ್ನೊಂದು ಹಸು ಸತ್ತಿತೆಂದೇ ನಾನು ಎದ್ದು ನಿಂತೆ.

“ಮೇಡಂ, ಯಜಮಾನ್ರು ಬಂದವ್ರೆ.”

ಏನಂತೆ, ಜಗಳಕ್ಕೆ ಬಂದಿದ್ದಾರಾ ಎಂದೆ. ಅಲ್ಲವಂತೆ. ಚಿಕ್ಕಬಳ್ಳಾಪುರಕ್ಕೆ ಹೋಗೋಣ, ಕಾಗದ ಪತ್ರ ತಗೊಂಡು ಹೊರಡು ಎಂದು ಹೇಳಲು ಬಂದಿದ್ದಾರಂತೆ. ಅಂಗಳದ ಆಚೆ ನಿಂತಿದ್ದಾರಾ ಎಂದು ಕೇಳಿದೆ.

“ಇಲ್ಲ ಮೇಡಂ. ಒಳಕ್ಕೆ ಬಂದು ಚಾಪೆ ಮೇಲೆ ಕೂತವ್ರೆ.”

ಆಮೇಲೆ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದವಳ ಹಾಗೆ ಪಿಸುಗುಟ್ಟಿದಳು: “ಕಾಫಿ ಮಾಡಿದೀನಿ. ಕೊಡ್ಲಾ, ಬೇಡ್ವಾ? ಬೇಡ ಅಂದ್ಬಿಟ್ರೆ?”

ಮುಳ್ಳಿನ ಎದುರು ನಿಂತಾಗಲೂ ಆ ದನಿಯಲ್ಲಿ ಇಷ್ಟು ಭಯವಿರಲಿಲ್ಲ. ನನಗೆ ಅಜ್ಜಿ ನೆನಪಾದಳು. ಬೇಡ, ಸುಮ್ಮನೆ ಹೊರಡು, ಎಂದುಬಿಡಬೇಕು ಎನಿಸಿತು. ಅವರು ಬೇಡವೆಂದರೆ ಆಗುವ ಅವಮಾನ ಆಕೆಯೊಬ್ಬಳದಲ್ಲ, ನನ್ನದೂ ಕೂಡ. ಆದರೂ ಬಾಯಿಂದ ಕೊಡಮ್ಮ ಎಂದೇ ಬಂತು.

ಆಕೆ ಫೋನು ಇಡದೆ ಹಾಗೇ ಕಟ್ಟೆಯ ಮೇಲಿಟ್ಟು ಹೋದಳು. ಬಳೆಯ ಸದ್ದು ಕೇಳಿಸಿತು, ಲೋಟ ನೆಲಕ್ಕೆ ತಾಗಿದ ಸದ್ದು, ಒಂದು ಕೆಮ್ಮು. ಆಮೇಲೆ ಏನೂ ಇಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಕೆಂಪು ಪೆನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ. ಪಕ್ಕದ ಮೇಜಿನವರು ಏನಾಯಿತು ಎಂದು ಕೇಳಿದ್ದಕ್ಕೆ ಕೈಸನ್ನೆಯಲ್ಲೇ ಸುಮ್ಮನಿರಿಸಿದೆ.

ಆಕೆ ವಾಪಸ್ಸು ಬಂದು ಫೋನು ಎತ್ತಿಕೊಂಡಳು. ಏನಾಯ್ತಮ್ಮ ಎಂದೆ.

“ಸಕ್ರೆ ಸಾಲ್ದು ಅಂತಾವ್ರೆ ಮೇಡಂ.”